ದೇವರ ಕೈ, ಮಗನ ಕೈ

ಅಕ್ಕತಂಗಿಯರೇ, ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಉಪಾಯ ಈ ಸಂಚಿಕೆಯಲ್ಲಿ ಹೇಳ್ತೀನಿ ಅಂತ ಮಾತು ಕೊಟ್ಟಿದ್ದೆ. ಅದು ಮುಂದಿನ ಸಲಕ್ಕೆ ಇರಲಿ. ಹದಿನೈದು ದಿನದಿಂದ ನನ್ನ ತಲೆಯಲ್ಲಿ ಒಂದು ಫುಟ್‌ಬಾಲು ಉರುಳಾಡ್ತಾ ಇದೆ. ಅದನ್ನು ಹೊರಗೆ ಹಾಕದೆ ಬೇರೇನೂ ಬರೆಯಲು ಕೈ ಓಡುತ್ತಿಲ್ಲ.

"ಫುಟ್‌ಬಾಲಿಗೂ ನಮಗೂ ಏನು ಸಂಬಂಧ?" ಅಂತ ಪುಟ ತಿರುವಿಬಿಡಬೇಡಿ. ಊಟಕ್ಕೆ ಕೂತ ಮಕ್ಕಳಿಗೆ ಮೀನಿನ ತುಂಡು ಹಂಚುವ ಪ್ರತಿಯೊಬ್ಬ ತಾಯಿಯೂ ರೆಫ್ರಿಯೇ. "ಅಕ್ಕನಿಗೆ ನಡುತುಂಡು, ನನಗೆ ಬರೀ ಬಾಲ!" ಅನ್ನುವ ದೂರು ಕೇಳದ ಮನೆ ಉಂಟೇ? 2022ರಲ್ಲಿ ಕತಾರಿನ ವಿಶ್ವಕಪ್ಪಿನಲ್ಲಿ ಫ್ರಾನ್ಸಿನ ಸ್ಟೆಫನಿ ಫ್ರಪಾರ್ ಎಂಬ ಮಹಿಳೆ ರೆಫ್ರಿಯಾದರು. ಗಂಡಸರ ವಿಶ್ವಕಪ್ ಪಂದ್ಯಕ್ಕೆ ಹೆಣ್ಣೊಬ್ಬಳು ರೆಫ್ರಿಯಾದದ್ದು ಅದೇ ಮೊದಲು. ಓದಿ ಸಂತೋಷವೂ ಆಯ್ತು, ನಗುವೂ ಬಂತು. ನಾವು ವಿಸಿಲ್ ಇಲ್ಲದೆ ಎಷ್ಟು ಕಾಲದಿಂದ ಈ ಕೆಲಸ ಮಾಡ್ತಾ ಬಂದಿದ್ದೇವೆ!

ಸರಿ, ವಿಷಯಕ್ಕೆ ಬರ್ತೀನಿ. ನಮ್ಮೂರ ಚರ್ಚಿನ ಹಬ್ಬಕ್ಕೆ ಸುತ್ತಲ ಧರ್ಮಕೇಂದ್ರಗಳ ಹುಡುಗರಿಗೆ ಫುಟ್‌ಬಾಲ್ ಪಂದ್ಯ ಇಡ್ತಾರೆ. ಈ ವರ್ಷ ನಮ್ಮ ಹುಡುಗರು ಫೈನಲಿಗೆ ಬಂದಿದ್ದರು. ಒಂಬತ್ತನೇ ಕ್ಲಾಸಿನ ನನ್ನ ಮಗನೂ ಆಡ್ತಿದ್ದ. ನಾನು ಒಂದು ಡಬ್ಬಿ ಚಕ್ಕುಲಿ, ಒಂದು ಜಪಸರ ಹಿಡಿದು ಬೆಂಚಿನಲ್ಲಿ ಕೂತೆ. ಪಕ್ಕದಲ್ಲಿ ಕೂತವರು ಎದುರು ತಂಡದ ಗೋಲಿಯ ತಾಯಿ. ಬಲು ಒಳ್ಳೆಯ ಹೆಂಗಸು. ಚಕ್ಕುಲಿ ಕೊಟ್ಟೆ, ತಿಂದು ಅಳತೆ ಕೇಳಿದರು. ನೋಡಿದರೆ ಅವರ ಕೈಯಲ್ಲೂ ಜಪಸರ!

ಆಗ ನನಗೆ ಒಂದು ಯೋಚನೆ ಬರಬೇಕಿತ್ತು, ಬರಲಿಲ್ಲ. ಒಂದೇ ಬೆಂಚು, ಒಂದೇ ಮಾತೆ, ಎರಡು ಬೇಡಿಕೆ. ನನ್ನ ಮಗ ಗೋಲು ಹೊಡೆಯಲಿ ಅಂತ ನಾನು, ಅವರ ಮಗ ಅದನ್ನು ಹಿಡಿಯಲಿ ಅಂತ ಅವರು. ದೇವರು ಪಾಪ ಯಾರ ಮಾತು ಕೇಳಬೇಕು?

ಆಟ ಮುಗಿಯಲು ಐದು ನಿಮಿಷ ಇತ್ತು. ಎರಡೂ ಕಡೆ ಸೊನ್ನೆ. ನಮಗೆ ಕಾರ್ನರ್ ಸಿಕ್ಕಿತು. ಮೂಲೆಯಿಂದ ಬಂದ ಚೆಂಡಿಗೆ ಹುಡುಗರೆಲ್ಲ ಒಟ್ಟಿಗೆ ಹಾರಿದರು. ನನ್ನ ಮಗನ ತಲೆಗೆ ಚೆಂಡು ಎಟುಕಲಿಲ್ಲ. ಅವನ ಕೈ ಮೇಲೆ ಹೋದದ್ದನ್ನು ಈ ಎರಡು ಕಣ್ಣಿಂದ ನೋಡಿದೆ. ಚೆಂಡು ಬಲೆಯಲ್ಲಿತ್ತು.

ರೆಫ್ರಿ ಆಗಿದ್ದವರು ರಿಟೈರಾದ ಡ್ರಿಲ್ ಮೇಷ್ಟ್ರು. ಅವರಿಗೂ ಚೆಂಡಿಗೂ ನಡುವೆ ಆರೇಳು ಹುಡುಗರ ಬೆನ್ನು. ಗೆರೆ ಕಾಯುತ್ತಿದ್ದ ಹುಡುಗನೂ ಬಾವುಟ ಎತ್ತಲಿಲ್ಲ. ಮೇಷ್ಟ್ರು ಗೋಲು ಕೊಟ್ಟರು.

"ನಿಮ್ಮ ಪ್ರಾರ್ಥನೆ ಬೇಗ ಮುಟ್ಟಿತು ನೋಡಿ ಅಕ್ಕಾ," ಅಂದರು ಪಕ್ಕದವರು. ಕುಹಕ ಇರಲಿಲ್ಲ, ನಿಜವಾಗಿಯೇ ಅಂದರು. ನಾನು ಏನೂ ಅನ್ನಲಿಲ್ಲ.

ಅತ್ತ ಎದುರು ತಂಡದವರು ಮೇಷ್ಟ್ರನ್ನು ಮುತ್ತಿಕೊಂಡರು. ಯಾರೋ ದೊಡ್ಡವರೇ "ಎಷ್ಟು ತಗೊಂಡ್ರಿ ಮೇಷ್ಟ್ರೇ?" ಅಂತ ಕೂಗಿದರು. ಮೂವತ್ತು ವರ್ಷ ಊರ ಮಕ್ಕಳಿಗೆ ಆಟ ಕಲಿಸಿದ ಮನುಷ್ಯ ವಿಸಿಲನ್ನು ಜೇಬಿಗೆ ಹಾಕಿಕೊಂಡು, ತಲೆ ತಗ್ಗಿಸಿ ಸೈಕಲ್ ಹತ್ತಿ ಹೋದರು.

ರಾತ್ರಿ ಜಪಕ್ಕೆ ಕೂತೆವು. ಒಂದು ಹತ್ತು ಮಣಿ ಮಗನ ಪಾಲಿಗೆ. ಪರಲೋಕ ಮಂತ್ರದಲ್ಲಿ, ನಾವು ಕ್ಷಮಿಸುವ ಹಾಗೆ ನಮ್ಮನ್ನೂ ಕ್ಷಮಿಸು ಅಂತ ಕೇಳುವ ಜಾಗಕ್ಕೆ ಬಂದವನು ನಿಂತುಬಿಟ್ಟ. ಗಂಟಲು ಕಟ್ಟಿತ್ತು. ಮುಂದಿನದನ್ನು ಮಗಳು ಹೇಳಿ ಮುಗಿಸಿದಳು.

ಊಟಕ್ಕೆ ಕೂತಾಗ ಅವನೇ ಬಾಯಿಬಿಟ್ಟ. ನಮ್ಮವರು ನಕ್ಕು, "ಅದಕ್ಕೇನೋ ಅಷ್ಟು ಸಪ್ಪಗಾಗ್ತೀಯ? ಮರಡೋನಾನೇ ಮಾಡಿದ್ದ!" ಅಂತ ಆ ಕಥೆ ತೆಗೆದರು. 1986ರ ಜೂನ್ 22, ಮೆಕ್ಸಿಕೋದ ಅಜ್ಟೆಕಾ ಮೈದಾನ, ಅರ್ಜೆಂಟೀನಾಕ್ಕೂ ಇಂಗ್ಲೆಂಡಿಗೂ ಕ್ವಾರ್ಟರ್ ಫೈನಲ್. ಕುಳ್ಳ ಮರಡೋನಾ ಎತ್ತರದ ಗೋಲಿ ಶಿಲ್ಟನ್ ಎದುರು ಹಾರಿ, ಎಡಗೈಯಿಂದ ಚೆಂಡನ್ನು ಒಳಗೆ ತಳ್ಳಿದ. ರೆಫ್ರಿಗೆ ಕಾಣಲಿಲ್ಲ, ಗೋಲು ಆಯ್ತು. ನಾಲ್ಕೇ ನಿಮಿಷದಲ್ಲಿ ಎದುರಾಳಿಗಳನ್ನೆಲ್ಲ ದಾಟಿಕೊಂಡು ಹೋಗಿ ಇನ್ನೊಂದು ಗೋಲು ಹೊಡೆದ, ಅದು ಅಪ್ಪಟ ಚಿನ್ನ. ಅರ್ಜೆಂಟೀನಾ 2–1ರಲ್ಲಿ ಗೆದ್ದು ಕೊನೆಗೆ ವಿಶ್ವಕಪ್ಪನ್ನೇ ಎತ್ತಿತು. ಆ ಮೊದಲ ಗೋಲಿನ ಬಗ್ಗೆ ಕೇಳಿದವರಿಗೆ ಮರಡೋನಾ, ಸ್ವಲ್ಪ ನನ್ನ ತಲೆ, ಸ್ವಲ್ಪ ದೇವರ ಕೈ ಅಂದನಂತೆ.

ದೇವರ ಕೈ! ಕೇಳಿ ಎಲ್ಲರೂ ನಕ್ಕರು. ನನಗೆ ಮಾತ್ರ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಬೆಂಚಿನಲ್ಲಿ ಕೂತು ನಾನು ಮಾಡಿದ್ದೂ ಅದೇ ಅಲ್ಲವೇ? ಮಗನ ಕೈ ಕಂಡೂ, ಪ್ರಾರ್ಥನೆ ಫಲಿಸಿತು ಅನ್ನುವ ಮಾತನ್ನು ಸುಮ್ಮನೆ ಕೇಳಿಸಿಕೊಂಡೆ. ಅವನು ಬಾಯಲ್ಲಿ ಹೇಳಿದ, ನಾನು ಮೌನದಲ್ಲಿ ಹೇಳಿದೆ. ನಮ್ಮ ಕೈಯ ತಪ್ಪನ್ನು ದೇವರ ಲೆಕ್ಕಕ್ಕೆ ಬರೆದದ್ದು ಇಬ್ಬರೂ.

ಅಷ್ಟರಲ್ಲಿ ಮಗ ಕೇಳಿದ: "ಆ ರೆಫ್ರಿಗೆ ಏನಾಯ್ತಪ್ಪಾ?"

ನಮ್ಮವರಿಗೆ ಗೊತ್ತಿರಲಿಲ್ಲ. ನೋಡಿ, ಗೆದ್ದವನ ಹೆಸರು ಎಲ್ಲರಿಗೂ ಗೊತ್ತು! ಮಗಳು ಮೊಬೈಲಿನಲ್ಲಿ ಹುಡುಕಿದಳು. ಟ್ಯುನೀಸಿಯಾದ ಅಲಿ ಬಿನ್ ನಾಸರ್ ಅಂತ. ತಮಗೆ ಕೈ ಕಾಣದೆ, ಗೆರೆಯ ಬಳಿಯ ಸಹಾಯಕನ ಕಡೆ ನೋಡಿದ್ದರಂತೆ. ಅವನು ತಡೆಯಲಿಲ್ಲ, ಇವರು ಗೋಲು ಕೊಟ್ಟರು. ಮರಡೋನಾ 2005ರಲ್ಲಿ ಟಿವಿಯಲ್ಲಿ ಕೈ ತಾಗಿಸಿದ್ದು ನಿಜ ಅಂತ ಒಪ್ಪಿಕೊಂಡ. 2015ರಲ್ಲಿ ಟ್ಯುನೀಸಿಯಾದಲ್ಲಿ ಆ ರೆಫ್ರಿಯ ಮನೆಗೇ ಹೋಗಿ, ಸಹಿ ಹಾಕಿದ ತನ್ನ ಜರ್ಸಿ ಕೊಟ್ಟು ಅಪ್ಪಿಕೊಂಡ. 2020ರಲ್ಲಿ ತೀರಿಕೊಂಡ.

"ಇಪ್ಪತ್ತೊಂಬತ್ತು ವರ್ಷ ಆದ್ಮೇಲೆ!" ಅಂದ ಮಗ. "ನಮ್ ಮೇಷ್ಟ್ರಿಗೆ ಈಗ್ಲೇ ಅರವತ್ತೆಂಟು."

ಬೆಳಗ್ಗೆ ಪೂಜೆ ಮುಗಿಸಿ ತಾಯಿಮಗ ಇಬ್ಬರೂ ಮೇಷ್ಟ್ರ ಮನೆಗೆ ಹೋದೆವು. ಮಗ ನಿಂತಲ್ಲೇ ಹೇಳಿದ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಕಂಡದ್ದಕ್ಕೆ ಊದಿದೆ ಮಗಾ. ಕಾಣದ್ದಕ್ಕೆ ಹೇಗೆ ಊದಲಿ?" ಅಂದರು. ಗೋಲು ಕೊಟ್ಟು ಆಟ ಮತ್ತೆ ಶುರುವಾದರೆ ರೆಫ್ರಿ ಆ ತೀರ್ಪನ್ನು ಬದಲಿಸುವಂತಿಲ್ಲ, ಅದು ನಿಯಮ ಅಂತಲೂ ಹೇಳಿದರು. 2018ರ ರಷ್ಯಾ ವಿಶ್ವಕಪ್ಪಿನಿಂದ ದೊಡ್ಡ ಪಂದ್ಯಗಳಲ್ಲಿ ವಿಡಿಯೋ ನೋಡಿ ತಿದ್ದುವ ಏರ್ಪಾಡು ಬಂದಿದೆಯಂತೆ. ನಮ್ಮೂರ ಮೈದಾನಕ್ಕೆ ಅದೆಲ್ಲ ಎಲ್ಲಿಂದ ಬರಬೇಕು? ಅಲ್ಲಿ ಆಡಿದವನ ಬಾಯಿಯೇ ಗತಿ. ಹೊರಡುವಾಗ ಮೇಷ್ಟ್ರು ಮಗನ ತಲೆ ಸವರಿ, "ನೆನ್ನೆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ ಕಣೋ. ಇವತ್ತು ಬರುತ್ತೆ," ಅಂದರು.

ಇಲ್ಲಿಗೆ ಎಲ್ಲ ಸುಖಾಂತವಾಯ್ತು ಅಂದುಕೊಳ್ಳಬೇಡಿ. ಕಪ್ಪು ಇನ್ನೂ ನಮ್ಮ ಚರ್ಚಿನ ಹಾಲಿನಲ್ಲೇ ಇದೆ. ತಂಡದ ಹುಡುಗರು ಮಗನ ಜೊತೆ ಮಾತು ಬಿಟ್ಟಿದ್ದಾರೆ. ಸಂಜೆ ಹೊತ್ತು ಅವನು ಗೋಡೆಗೆ ಚೆಂಡು ಒದ್ದುಕೊಂಡು ಒಬ್ಬನೇ ಆಡುವುದನ್ನು ಕಿಟಕಿಯಿಂದ ನೋಡ್ತೀನಿ, ಹೊಟ್ಟೆ ಕಿವುಚಿದ ಹಾಗಾಗುತ್ತೆ. ಬಾಯಿ ಮುಚ್ಚಿಕೊಂಡಿರು ಅಂತ ಹೇಳಬೇಕಿತ್ತೇ? ಒಂದೊಂದು ಸಲ ಹಾಗೂ ಅನಿಸುತ್ತೆ, ಸುಳ್ಳು ಯಾಕೆ ಹೇಳಲಿ?

ಆದರೆ ಒಂದು ಬದಲಾಗಿದೆ. ಮಗ ಆಡಲು ಹೊರಟಾಗ ಗೆಲ್ಲಿಸಪ್ಪಾ ಅಂತ ಈಗ ಬೇಡುವುದಿಲ್ಲ. ಯಾರ ಮಗನಿಗೂ ಏಟಾಗದಿರಲಿ, ವಿಸಿಲ್ ಹಿಡಿದವರ ಕಣ್ಣು ಸರಿಯಾಗಿ ಕಾಣಲಿ, ಅವರಿಗೆ ಕಾಣದ್ದನ್ನು ಹೇಳುವ ಧೈರ್ಯ ಆಡುವವರಿಗೆ ಬರಲಿ ಅಂತ ಬೇಡ್ತೀನಿ. ಈ ಬೇಡಿಕೆಯನ್ನು ಬೆಂಚಿನಲ್ಲಿ ಕೂತ ಎರಡೂ ತಾಯಂದಿರು ಒಟ್ಟಿಗೆ ಹೇಳಬಹುದು, ಏನಂತೀರಿ?

ಮಗ ತನ್ನ ಪಾಲಿನದನ್ನು ಹೇಳಿಬಂದ. ನನ್ನ ಪಾಲು ಬಾಕಿ ಇದೆ. ಆ ಗೋಲಿಯ ತಾಯಿ ಈ ಪತ್ರಿಕೆ ತಪ್ಪದೆ ಓದ್ತಾರೆ, ಅವರೇ ಹೇಳಿದ್ದರು. ತಂಗೀ, ಆ ದಿನ ನಾನೂ ನೋಡಿದ್ದೆ. ನೋಡಿಯೂ ಸುಮ್ಮನಿದ್ದೆ, ಕ್ಷಮಿಸಿ. ಮತ್ತೆ, ಆ ಗಡಿಬಿಡಿಯಲ್ಲಿ ಹೇಳದೆ ಉಳಿದ ಚಕ್ಕುಲಿಯ ಅಳತೆ: 4 ಪಾವು ಅಕ್ಕಿಗೆ 1 ಪಾವು ಹುರಿದ ಉದ್ದಿನಬೇಳೆ. ಬೆಣ್ಣೆ ನಿಂಬೆಹಣ್ಣಿನ ಗಾತ್ರ ಸಾಕು, ಜಾಸ್ತಿ ಹಾಕಿದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತೆ.