ಉತ್ತರದ ಹಿಂದಿನ ಕತೆ ಓದಿ

ಕರ್ನಾಟಕದ ಮೊದಲ ದೊಡ್ಡ ಜಲವಿದ್ಯುತ್ ಕೇಂದ್ರ? ಶಿವನಸಮುದ್ರ. ಇಸವಿ? 1902. ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೋಚಿಂಗ್ ಸೆಂಟರ್‌ಗಳ ಆಸುಪಾಸಿನ ಟೀ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಇಂಥ ಸವಾಲು-ಜವಾಬು ಕಿವಿಗೆ ಬೀಳುತ್ತಲೇ ಇರುತ್ತದೆ. ಎಫ್‌ಡಿಎ, ಎಸ್‌ಡಿಎ, ಪಿಡಿಒ, ಪಿಎಸ್‌ಐ, ಕೆಎಎಸ್ ಹೀಗೆ ಹುದ್ದೆ ಯಾವುದಾದರೂ ಸಾಮಾನ್ಯ ಜ್ಞಾನ ತಪ್ಪಿದ್ದಲ್ಲ. ಹಳ್ಳಿಯಿಂದ ಬಂದು ಬಾಡಿಗೆ ಕೋಣೆಯಲ್ಲಿ ಇಬ್ಬರು ಮೂವರು ಸೇರಿಕೊಂಡು, ಮನೆಯವರು ಕಳಿಸುವ ದುಡ್ಡಿನಲ್ಲಿ ತಿಂಗಳು ತಳ್ಳುವ ಹುಡುಗ ಹುಡುಗಿಯರು ಸಾವಿರಾರು ಪ್ರಶ್ನೋತ್ತರಗಳ ದಪ್ಪ ಪುಸ್ತಕವನ್ನು ಉರು ಹೊಡೆಯುತ್ತಾರೆ. ಅವರ ಶ್ರಮ ದೊಡ್ಡದು. ಆದರೆ ಆ ಶ್ರಮದ ಬಹುಪಾಲು ಸೋರಿಹೋಗುತ್ತಿದೆ.

ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ಇದರ ಕಾರಣ ತೋರಿಸಿದ್ದ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ ಎಷ್ಟು ಉಳಿಯುತ್ತದೆಂದು ಅಳೆದಾಗ, ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಅಳಿಸಿಹೋಗಿತ್ತು. ಹಿಂದುಮುಂದಿಲ್ಲದ ಒಂದು ಸಾಲಿನ ಉತ್ತರವೂ ನೆನಪಿನ ಮಟ್ಟಿಗೆ ಅಂಥ ಅಕ್ಷರಗುಚ್ಛವೇ.

ಅದೇ ಶಿವನಸಮುದ್ರವನ್ನು ಕತೆಯಾಗಿ ಓದಿದರೆ ಏನಾಗುತ್ತದೆ ನೋಡಿ. ಮೈಸೂರು ಸಂಸ್ಥಾನ ಅಷ್ಟು ಬೇಗ ವಿದ್ಯುತ್ತಿಗೆ ಕೈ ಹಾಕಿದ್ದು ಕೋಲಾರದ ಚಿನ್ನದ ಗಣಿಗಳಿಗಾಗಿ. ಆಳದ ಸುರಂಗಗಳಲ್ಲಿ ಯಂತ್ರ ನಡೆಸಲು ಅಗ್ಗದ ಶಕ್ತಿ ಬೇಕಿತ್ತು. ದಿವಾನ ಶೇಷಾದ್ರಿ ಅಯ್ಯರ್ ಯೋಜನೆಗೆ ಬೆನ್ನೆಲುಬಾಗಿ ನಿಂತರು. ಆದರೆ 1901ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಕರೆಂಟು ಹರಿದದ್ದನ್ನು ನೋಡುವ ಭಾಗ್ಯ ಇರಲಿಲ್ಲ. ಸುಮಾರು 147 ಕಿಲೋಮೀಟರ್ ದೂರದ ಗಣಿಗೆ ಎಳೆದ ಆ ತಂತಿಮಾರ್ಗ ಆ ಕಾಲಕ್ಕೆ ಜಗತ್ತಿನ ಅತಿ ಉದ್ದದವುಗಳ ಸಾಲಿನಲ್ಲಿತ್ತು. 1905ರಲ್ಲಿ ಅದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪ ಹೊತ್ತಿತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಗಣಿಗೆ ವಿದ್ಯುತ್ ಸಾಲದು. ನೀರನ್ನು ಹಿಡಿದಿಟ್ಟು ವರ್ಷವಿಡೀ ಬಿಡಬೇಕು ಎಂಬ ವಾದ ಕನ್ನಂಬಾಡಿ ಕಟ್ಟೆಗೆ ದಾರಿ ಮಾಡಿತು. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ, 1911ರಲ್ಲಿ, ಕೆಲಸ ಆರಂಭವಾಯಿತು. ಕಟ್ಟೆಯಿಂದ ನಾಲೆ, ನಾಲೆಯಿಂದ ಕಬ್ಬು, ಕಬ್ಬಿನಿಂದ 1933ರ ಮಂಡ್ಯ ಸಕ್ಕರೆ ಕಾರ್ಖಾನೆ. ಎಲ್ಲಕ್ಕೂ ನೆಪವಾದ ಕೋಲಾರದ ಗಣಿ ಮಾತ್ರ 2001ರಲ್ಲಿ ಬಾಗಿಲು ಹಾಕಿತು.

ಇದನ್ನು ಓದಲು ಹತ್ತು ನಿಮಿಷ ಸಾಕು. ಇತಿಹಾಸ, ಭೂಗೋಳ, ಅರ್ಥಶಾಸ್ತ್ರ ಮೂರರ ಪ್ರಶ್ನೆಗಳೂ ಅದರಲ್ಲಿ ಅಡಗಿವೆ. ಹೊಂದಿಸಿ ಬರೆಯಿರಿ, ಕಾಲಾನುಕ್ರಮದಲ್ಲಿ ಜೋಡಿಸಿ, ಕೆಳಗಿನ ಹೇಳಿಕೆಗಳಲ್ಲಿ ಯಾವುದು ಸರಿ ಎಂಬ ಪ್ರಶ್ನೆಗಳು ಹುಡುಕುವುದೂ ಈ ಸಂಬಂಧಗಳನ್ನೇ.

ಊಹೆಯ ಲೆಕ್ಕವೂ ಇಲ್ಲೇ ತೀರ್ಮಾನವಾಗುತ್ತದೆ. ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಪ್ರತಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ನಾಲ್ಕನೇ ಒಂದು ಭಾಗ ಕಡಿತ. ಯುಪಿಎಸ್‌ಸಿಯಲ್ಲಿ ಮೂರನೇ ಒಂದು ಭಾಗ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಗುರುತು ಹಾಕುತ್ತ ಹೋದರೆ ಯುಪಿಎಸ್‌ಸಿಯಲ್ಲಿ ಸರಾಸರಿ ಲಾಭ ಸೊನ್ನೆ. ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಬಲ್ಲವರಿಗೆ ಲೆಕ್ಕ ತಿರುಗುತ್ತದೆ. ಕನ್ನಂಬಾಡಿ ಕೆಲಸ ಆರಂಭವಾದಾಗ ಶೇಷಾದ್ರಿ ಅಯ್ಯರ್ ಬದುಕಿರಲಿಲ್ಲವೆಂದು ತಿಳಿದವರು ಆ ಹೆಸರನ್ನು ಅಲ್ಲೇ ಹೊಡೆದುಹಾಕುತ್ತಾರೆ.

ಇನ್ನು ಹಳೆಯ ಗೈಡುಗಳ ಕಾಟ. ರಾಜ್ಯದ ಜಿಲ್ಲೆಗಳೆಷ್ಟು ಎಂದರೆ 2021ಕ್ಕೆ ಮೊದಲು ಅಚ್ಚಾದ ಪುಸ್ತಕ 30 ಎನ್ನುತ್ತದೆ. ಬಳ್ಳಾರಿಯಿಂದ ವಿಜಯನಗರ ಬೇರೆಯಾದ ಮೇಲೆ ಅದು 31. ಕನ್ನಡದ ಮೊದಲ ಶಾಸನ ಹಲ್ಮಿಡಿ ಎಂದು ತಲೆಮಾರುಗಳು ಓದಿದವು. ಅದಕ್ಕಿಂತ ಹಳೆಯದೆಂದು ತಾಳಗುಂದದ ಶಾಸನ ಈಚೆಗೆ ಚರ್ಚೆಗೆ ಬಂದಿದೆ. ಎರಡರ ವಿಚಾರವನ್ನೂ ಓದಿಕೊಂಡವರು ಪ್ರಶ್ನೆ ಹೇಗೆ ತಿರುಗಿಸಿ ಕೇಳಿದರೂ ಗಲಿಬಿಲಿಗೊಳ್ಳುವುದಿಲ್ಲ.

ಓದಿದ್ದನ್ನು ಗಟ್ಟಿ ಮಾಡುವ ದಾರಿಯೂ ಗೊತ್ತಿರುವಂಥದ್ದೇ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ವಿದ್ಯಾರ್ಥಿಗಳಿಗೆ ಒಂದೇ ಪಾಠ ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು. ಉಳಿದವರು ಪಾಠ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ಬಳಿಕ ಕೇಳಿದಾಗ ಮತ್ತೆ ಓದಿದವರು ಮುಂದಿದ್ದರು. ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಸ್ಪಷ್ಟವಾಗಿ ಮುಂದಾದರು. ಟೀ ಅಂಗಡಿಯ ಮುಂದಿನ ಸವಾಲು-ಜವಾಬು ಹಾಗಾಗಿ ಒಳ್ಳೆಯ ಅಭ್ಯಾಸವೇ. ‘ಯಾವಾಗ’ ಎಂಬುದರ ಜೊತೆಗೆ ‘ಏಕೆ’ ಎಂದೂ ಗೆಳೆಯರು ಕೇಳಿಕೊಳ್ಳಲಿ.

ಕತೆಯಾಗಿ ಓದಲು ದುಬಾರಿ ಪುಸ್ತಕ ಬೇಕಿಲ್ಲ. ಆರರಿಂದ ಹತ್ತನೇ ತರಗತಿಯವರೆಗಿನ ಸಮಾಜ ವಿಜ್ಞಾನ ಮತ್ತು ವಿಜ್ಞಾನ ಪಠ್ಯಗಳು, ದಿನಕ್ಕೊಂದು ಪತ್ರಿಕೆ, ಹಳೆಯ ಪ್ರಶ್ನೆಪತ್ರಿಕೆಗಳು ಇದ್ದರೆ ಬುನಾದಿಗೆ ಸಾಕು. ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಠ್ಯಗಳು ಉಚಿತವಾಗಿ ಸಿಗುತ್ತವೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಪ್ರತಿ ಕೇಂದ್ರದಲ್ಲೂ ಈ ಪಠ್ಯಗಳ ಒಂದು ಪೂರ್ಣ ಸೆಟ್ಟನ್ನೂ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನೂ ಅಚ್ಚು ಹಾಕಿಸಿ ಇಡುವ ಕೆಲಸವನ್ನು ಪಂಚಾಯಿತಿಗಳು ಈ ವರ್ಷವೇ ಕೈಗೆತ್ತಿಕೊಳ್ಳಬೇಕು.