ಕಾರಣ ಕಾಣದ ಜ್ವರ

ಸಂಜೆಯವರೆಗೆ ಆಡಿಕೊಂಡಿದ್ದ ಕೂಸು ದೀಪ ಹಚ್ಚುವ ಹೊತ್ತಿಗೆ ಮಂಕಾಗಿ ತಾಯಿಯ ಮಡಿಲು ಸೇರುತ್ತದೆ. ಹಣೆ ಮುಟ್ಟಿದರೆ ಕಾದ ಕಾವಲಿಯಂತಿದೆ. ನೆಗಡಿಯಿಲ್ಲ, ಕೆಮ್ಮಿಲ್ಲ, ಭೇದಿಯಿಲ್ಲ, ಜ್ವರವೊಂದೇ ಇದೆ. ಇಂಥ ವೇಳೆಯಲ್ಲಿ ಮನೆಯೊಳಗೆ ಅಭಿಪ್ರಾಯಗಳಿಗೆ ಬರವಿಲ್ಲ. ಅಜ್ಜಿಯ ಪಾಲಿಗೆ ಅದು ದೃಷ್ಟಿ. ನೆರೆಮನೆಯಾಕೆಯ ಪಾಲಿಗೆ ಹಲ್ಲು ಬರುವ ಜ್ವರ. ತಂದೆಗೆ ಥರ್ಮಾಮೀಟರಿನ ಅಂಕಿಯೇ ಸರ್ವಸ್ವ. ವೈದ್ಯರು ಮೊದಲು ಕೇಳುವ ಪ್ರಶ್ನೆಗಳೇ ಬೇರೆ: ಮಗುವಿಗೆ ಎಷ್ಟು ತಿಂಗಳು? ಮಗು ಹೇಗಿದೆ?

ಜ್ವರವು ತಾನೇ ಒಂದು ರೋಗವಲ್ಲ, ರೋಗದ ಚಿಹ್ನೆ ಎಂಬುದನ್ನು ಜರ್ಮನಿಯ ವೈದ್ಯ ಕಾರ್ಲ್ ವುಂಡರ್ಲಿಖ್ 1868ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿಶದಪಡಿಸಿದನು. ಚಿಕ್ಕ ಮಕ್ಕಳ ಜ್ವರಗಳಲ್ಲಿ ಹೆಚ್ಚಿನವು ವೈರಸ್ಸುಗಳಿಂದ ಬಂದು, ಕೆಲವು ದಿನಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಹಾಗಲ್ಲದ ಕೆಲವನ್ನು ಸಕಾಲದಲ್ಲಿ ಗುರುತಿಸುವುದೇ ಮುಖ್ಯವಾದ ಕೆಲಸ.

ವಯಸ್ಸೇ ಮೊದಲ ಅಳತೆ

ಮೂರು ತಿಂಗಳು ತುಂಬದ ಶಿಶುವಿಗೆ ಜ್ವರ ಬಂದರೆ ಕಾದು ನೋಡುವ ಮಾತೇ ಇಲ್ಲ. ಕಂಕುಳಲ್ಲಿ ಅಳೆದಾಗ ಅಂಕಿಯು 99.5 ಡಿಗ್ರಿ ಫ್ಯಾರನ್‌ಹೀಟನ್ನು ಮುಟ್ಟಿದರೆ, ಅಪರಾತ್ರಿಯಾದರೂ ಸರಿಯೆ, ಆಸ್ಪತ್ರೆಗೆ ಒಯ್ಯತಕ್ಕದ್ದು. ರಕ್ತದ ನಂಜು, ಮಿದುಳುಪೊರೆಯ ಉರಿಯೂತಗಳಂಥ ಘೋರ ವ್ಯಾಧಿಗಳು ಈ ವಯಸ್ಸಿನಲ್ಲಿ ಬೇರಾವ ಕುರುಹನ್ನೂ ತೋರದೆ ಬರಬಲ್ಲವು. ಎಳೆಗೂಸಿನ ಮೈ ಬಿಸಿಯಾಗುವುದಕ್ಕೆ ಬದಲು ತಣ್ಣಗಾಗುವುದೂ ಉಂಟು. ಹಾಲು ಬಿಟ್ಟು, ಅಳದೆ, ತಣ್ಣಗೆ ಮಲಗಿರುವ ಶಿಶುವನ್ನು ಸಾಧು ಮಗುವೆಂದು ಭಾವಿಸಿ ಸುಮ್ಮನಿರುವುದು ಅಪಾಯಕರ.

ಮೂರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಲ್ಲಿ ಹಿಬ್, ನ್ಯೂಮೊಕಾಕಸ್ ಎಂಬ ಎರಡು ಬ್ಯಾಕ್ಟೀರಿಯಗಳ ಭಯ ಹಿಂದೆ ಬಹಳವಾಗಿತ್ತು. ಭಾರತದ ಸರಕಾರಿ ಲಸಿಕೆ ಕಾರ್ಯಕ್ರಮಕ್ಕೆ 2011ರಿಂದ ಹಿಬ್ ಲಸಿಕೆಯೂ 2017ರಿಂದ ನ್ಯೂಮೊಕಾಕಸ್ ಲಸಿಕೆಯೂ ಹಂತಹಂತವಾಗಿ ಸೇರಿದುವು. ಇವನ್ನು ತಪ್ಪದೆ ಹಾಕಿಸಿಕೊಂಡ ಮಗುವಿಗೆ ಆ ಭಯ ಬಹುಮಟ್ಟಿಗೆ ತಗ್ಗಿದೆ. ಆದುದರಿಂದಲೇ ವೈದ್ಯರ ಬಳಿಗೆ ಹೋಗುವಾಗ ಲಸಿಕೆಯ ಕಾರ್ಡು ಕೈಯಲ್ಲಿರಬೇಕು.

ಅಡಗಿ ಕುಳಿತ ಕಾರಣ

ಎರಡು ವರ್ಷದೊಳಗಿನ ಮಕ್ಕಳ ಕಾರಣ ಕಾಣದ ಜ್ವರಗಳಲ್ಲಿ ನೂರಕ್ಕೆ ಸುಮಾರು 5ರಿಂದ 7 ಮೂತ್ರನಾಳದ ಸೋಂಕಿನವು. ಹೆಣ್ಣುಮಕ್ಕಳಲ್ಲಿಯೂ ವರ್ಷದೊಳಗಿನ ಗಂಡುಮಕ್ಕಳಲ್ಲಿಯೂ ಇದನ್ನು ವಿಶೇಷವಾಗಿ ಶಂಕಿಸಬೇಕು. ಉರಿಯುತ್ತದೆಂದು ಹೇಳಲು ಕೂಸಿಗೆ ಮಾತು ಬಾರದು. ಚಿಕಿತ್ಸೆ ತಡವಾದರೆ ಮೂತ್ರಪಿಂಡದ ಮೇಲೆ ಬಾಳಿನುದ್ದಕ್ಕೂ ಅಳಿಯದ ಕಲೆ ಉಳಿಯಬಹುದು. ಒಂದು ಸೀಸೆ ಮೂತ್ರದ ಪರೀಕ್ಷೆ ಈ ಗುಟ್ಟನ್ನು ಹೊರಗೆಡಹುತ್ತದೆ. ಹಿಂದಿನ ಕಾಯಿಲೆಯಲ್ಲಿ ಮಿಕ್ಕ ಆಂಟಿಬಯೋಟಿಕ್ಕನ್ನು ಮನೆಯಲ್ಲೇ ಕುಡಿಸಿದರೆ, ಪರೀಕ್ಷೆಯಲ್ಲಿ ಏನೂ ಕಾಣದೆ ಸೋಂಕು ಮರೆಯಾಗುವ ಸಂಭವವಿದೆ. ಹಲ್ಲು ಬರುವಾಗ ಮೈ ತುಸು ಬೆಚ್ಚಗಾದೀತು. ಏರುಜ್ವರದ ಅಪವಾದವನ್ನು ಹಲ್ಲಿನ ಮೇಲೆ ಹೊರಿಸುವುದು ಸಲ್ಲದು.

ಅಂಕಿಗಿಂತ ಮಗುವನ್ನು ನೋಡುವುದು ಲೇಸು

103 ಡಿಗ್ರಿ ಜ್ವರವಿದ್ದರೂ, ಅದು ಇಳಿದ ಗಳಿಗೆಯಲ್ಲಿ ನಗುತ್ತ ಆಡುವ, ಹಾಲು ನೀರು ಕುಡಿಯುವ ಮಗುವಿನ ವಿಷಯದಲ್ಲಿ ಅಷ್ಟೊಂದು ಆತಂಕ ಬೇಡ. 101 ಡಿಗ್ರಿಯಷ್ಟೇ ಇದ್ದು, ಎಬ್ಬಿಸಿದರೂ ಏಳದ, ಉಸಿರಾಟದಲ್ಲಿ ಪಕ್ಕೆ ಸೆಳೆಯುವ, ಕುಡಿದುದನ್ನೆಲ್ಲ ವಾಂತಿಮಾಡುವ, ಎಂಟು ಗಂಟೆಯಾದರೂ ಮೂತ್ರ ಮಾಡದ, ಅಥವಾ ಒತ್ತಿದರೂ ಮಾಸದ ಕೆಂಪು ಚುಕ್ಕೆಗಳೆದ್ದ ಮಗುವನ್ನು ಕೂಡಲೆ ವೈದ್ಯರಿಗೆ ತೋರಿಸಬೇಕು. ಮೂರು ದಿನ ದಾಟಿದ ಜ್ವರವನ್ನು ಹೇಗಿದ್ದರೂ ತೋರಿಸುವುದೇ ಯುಕ್ತ. ಡೆಂಗಿ ಹರಡಿರುವ ಕಾಲದಲ್ಲಂತೂ ಜ್ವರ ಬಿಟ್ಟೊಡನೆ ನಿಶ್ಚಿಂತರಾಗಬಾರದು. ಅದರ ಅಪಾಯದ ಹೊತ್ತು ಸಾಮಾನ್ಯವಾಗಿ ಜ್ವರ ಇಳಿಯುವಾಗಲೇ ಬರುತ್ತದೆ. ಹೊಟ್ಟೆನೋವು, ಬಿಡದ ವಾಂತಿ, ತಣ್ಣನೆಯ ಕೈಕಾಲು, ವಸಡಿನ ರಕ್ತ ಕಂಡರೆ ತಡಮಾಡಕೂಡದು.

ಮದ್ದು ಮತ್ತು ಆರೈಕೆ

ಜ್ವರದ ಔಷಧಿಯು ಮಗುವಿನ ಸಂಕಟವನ್ನು ಕಡಿಮೆ ಮಾಡಲೆಂದೇ ಹೊರತು ಅಂಕಿಯನ್ನು ಇಳಿಸಲೆಂದಲ್ಲ. ಪ್ಯಾರಾಸಿಟಮಾಲ್ ಸಾಕು, ತೂಕದ ಪ್ರತಿ ಕಿಲೋಗ್ರಾಮಿಗೆ 10ರಿಂದ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರದಂತೆ. ಮೂರು ತಿಂಗಳೊಳಗಿನ ಶಿಶುವಿಗೆ ವೈದ್ಯರನ್ನು ಕೇಳದೆ ಇದನ್ನೂ ಕೊಡಲಾಗದು. ಸೀಸೆಯ ಮೇಲಿನ ಬರಹವನ್ನು ಓದದೆ ಅಳೆಯುವುದು ತಪ್ಪು. ಹನಿಹನಿಯಾಗಿ ಕೊಡುವ ಔಷಧಿಯ 1 ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಇರುತ್ತದೆ. 5 ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವ ಸಿರಪ್ಪಿಗಿಂತ ಅದು ನಾಲ್ಕು ಪಟ್ಟು ಬಲ. ಆಸ್ಪಿರಿನ್ನು ಮಕ್ಕಳ ಯಕೃತ್ತಿಗೂ ಮಿದುಳಿಗೂ ಕೇಡು ತರಬಲ್ಲುದು. ನಿಮೆಸುಲೈಡ್ ಔಷಧಿಯನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ಭಾರತ ಸರಕಾರ 2011ರಲ್ಲಿ ನಿಷೇಧಿಸಿತು.

ಕಂಬಳಿ ಹೊದಿಸಿ ಬೆವರಿಳಿಸುವುದಾಗಲಿ, ತಣ್ಣೀರಿನಲ್ಲಿ ಅದ್ದುವುದಾಗಲಿ ಬೇಡ. ತೆಳುವಾದ ಹತ್ತಿಯ ಅಂಗಿ ಸಾಕು. ಲಂಘನವೇ ಮದ್ದೆಂಬ ಹಳೆಯ ಮಾತು ಹಸುಗೂಸಿಗೆ ಒಪ್ಪದು. ಮೊಲೆಹಾಲನ್ನು ನಿಲ್ಲಿಸದೆ, ಆರು ತಿಂಗಳು ದಾಟಿದ ಮಗುವಿಗೆ ಗಂಜಿಯನ್ನೂ ಕಾಯಿಸಿ ಆರಿಸಿದ ನೀರನ್ನೂ ಮತ್ತೆ ಮತ್ತೆ ಕೊಡಬೇಕು. ಜ್ವರದ ಭರದಲ್ಲಿ ಸೆಳವು ಬಂದರೆ ಮಗುವನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಇಡದೆ, ಗಡಿಯಾರ ನೋಡಬೇಕು. ಐದು ನಿಮಿಷಕ್ಕೆ ನಿಲ್ಲದಿದ್ದರೆ ತುರ್ತು ವಾಹನವನ್ನು ಕರೆಯಬೇಕು. ಮೊದಲ ಸಲದ ಸೆಳವಾದರೆ, ನಿಂತ ಮೇಲೂ ಅದೇ ದಿನ ವೈದ್ಯರಿಗೆ ತೋರಿಸಬೇಕು.

ಜ್ವರ ಬಂದ ಹೊತ್ತು, ಅಳೆದ ಅಂಕಿ, ಕೊಟ್ಟ ಔಷಧಿ, ಮೂತ್ರವಾದ ಸಲ, ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದಿಡುವ ತಾಯಿಯು ವೈದ್ಯರ ಅರ್ಧ ಕೆಲಸವನ್ನು ಮನೆಯಲ್ಲಿಯೇ ಮಾಡಿದಂತೆ.