ಕಲ್ನಾರಿನ ದೂಳಿಗೆ ಸಾಕ್ಷಿ ಯಾರು?

ಚಿಪ್ ತಯಾರಿಸುವ ಯಂತ್ರಗಳಿಗೆ ಹೆಸರಾದ ಎಎಸ್‌ಎಂಎಲ್ ಕಂಪನಿಯಿಂದಾಗಿ ನೆದರ್ಲೆಂಡ್ಸ್‌ನ ವೆಲ್ಡ್‌ಹೋವನ್ ಈಗ ಬೆಂಗಳೂರಿನ ಎಂಜಿನಿಯರುಗಳಿಗೆ ಪರಿಚಿತ ಊರು. ಅಲ್ಲಿ ಹಳೆಯ ಮನೆ ಕೊಂಡವರು ಅದನ್ನು ಒಡೆದು ಕಟ್ಟಿಸಲು ಹೊರಟರೆ ಮೊದಲು ಏಳುವ ಪ್ರಶ್ನೆ, ಈ ಮನೆ 1994ಕ್ಕಿಂತ ಹಿಂದಿನದೇ ಎಂಬುದು. ಹಿಂದಿನದಾದರೆ ಅದರಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇದೆಯೇ ಎಂದು ಪರೀಕ್ಷೆಯಾಗಬೇಕು. ಹಿತ್ತಲಿನ ಶೆಡ್ಡಿನ ಹಳೆಯ ಶೀಟು ಇಳಿಸುವುದಕ್ಕೂ ಪುರಸಭೆಗೆ ಮೊದಲೇ ತಿಳಿಸಬೇಕು. 35 ಚದರ ಮೀಟರಿಗಿಂತ ಹೆಚ್ಚಿದ್ದರೆ ಮನೆಯವರು ತಾವೇ ಅದನ್ನು ಬಿಚ್ಚುವಂತಿಲ್ಲ. ನಮ್ಮಲ್ಲಿ ಅದೇ ಬಗೆಯ ಶೀಟನ್ನು ಬರಿಗೈಯಲ್ಲಿ ಕೊಯ್ದು, ತೂತು ಕೊರೆದು, ಒಡೆದ ಚೂರನ್ನು ಬಚ್ಚಲ ಬದಿಗೆ ಹಾಸುತ್ತೇವೆ. ವಸ್ತು ಒಂದೇ, ಅದನ್ನು ಕಾಣುವ ಕಣ್ಣು ಬೇರೆ. ಆ ಕಣ್ಣು ಡಚ್ಚರಿಗೆ ಸುಮ್ಮನೆ ಬಂದದ್ದಲ್ಲ, ತಮ್ಮ ಕಾರ್ಮಿಕರ ಸಾವುಗಳನ್ನು ಎಣಿಸಿದ ಮೇಲೆ ಬಂದದ್ದು.

ಆ ದೇಶದ ಪೂರ್ವ ಭಾಗದ ಹೂರ್ ಎಂಬ ಸಣ್ಣ ಪಟ್ಟಣದಲ್ಲಿ ಎಟರ್ನಿಟ್ ಕಂಪನಿಯ ಕಲ್ನಾರು ಸಿಮೆಂಟ್ ಕಾರ್ಖಾನೆಯಿತ್ತು. ಅಲ್ಲಿ ಉಳಿದ ತ್ಯಾಜ್ಯವನ್ನು ಸುತ್ತಲಿನ ರೈತರಿಗೆ ಪುಕ್ಕಟೆ ಕೊಡುತ್ತಿದ್ದರು. ಅವರು ಅದನ್ನು ಅಂಗಳಕ್ಕೂ ಹೊಲದ ದಾರಿಗೂ ಹಾಸಿದರು. ದಶಕಗಳ ನಂತರ ಆ ಭಾಗದಲ್ಲಿ ಕಾರ್ಖಾನೆಯ ಮೆಟ್ಟಿಲನ್ನೇ ತುಳಿಯದ ಹೆಂಗಸರಲ್ಲೂ ಮೆಸೊಥೆಲಿಯೋಮಾ, ಅಂದರೆ ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರ್, ಕಾಣಿಸಿತು. ಎಚ್ಚರಿಕೆಯ ಮಾತು ಬಂದಿರಲಿಲ್ಲವೆಂದಲ್ಲ. ವ್ಲಿಸಿಂಗನ್‌ನ ಹಡಗು ಕಟ್ಟೆಯಲ್ಲಿ ಕಂಪನಿಯ ವೈದ್ಯರಾಗಿದ್ದ ಸ್ಟುಂಫಿಯುಸ್ ಕಾರ್ಮಿಕರ ಈ ಕಾಯಿಲೆಯನ್ನು 1969ರಲ್ಲೇ ತಮ್ಮ ಪ್ರಬಂಧದಲ್ಲಿ ದಾಖಲಿಸಿದ್ದರು. ಸಂಪೂರ್ಣ ನಿಷೇಧ ಬಂದದ್ದು 1993ರಲ್ಲಿ, 24 ವರ್ಷ ತಡವಾಗಿ. ನಿಷೇಧವಾಗಿ ಮೂರು ದಶಕ ಕಳೆದರೂ ಅಲ್ಲಿ ಈ ಕ್ಯಾನ್ಸರ್ ವರ್ಷಕ್ಕೆ ನೂರಾರು ಜನರನ್ನು ಕೊಲ್ಲುತ್ತಲೇ ಇದೆ.

ಕಾರಣ, ಕಲ್ನಾರಿನ ಕೇಡು ಕಾಲದ ಮರೆಯಲ್ಲಿ ಕೂತಿರುತ್ತದೆ. ಇಂದು ಉಸಿರಿನೊಂದಿಗೆ ಒಳಹೋದ ಎಳೆ ಕ್ಯಾನ್ಸರಾಗಿ ತಲೆಯೆತ್ತಲು 20ರಿಂದ 40 ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಕಾರ್ಮಿಕ ನಿವೃತ್ತನಾಗಿರುತ್ತಾನೆ, ಕಾರ್ಖಾನೆಯ ಹೆಸರು ಬದಲಾಗಿರುತ್ತದೆ ಇಲ್ಲವೇ ಬಾಗಿಲು ಮುಚ್ಚಿರುತ್ತದೆ. ಡಚ್ ಕಾರ್ಮಿಕರೊಬ್ಬರು ಪರಿಹಾರ ಕೇಳಿದಾಗ, ಅವರು ದೂಳಿನಲ್ಲಿ ದುಡಿದು 30 ವರ್ಷ ಮೀರಿದೆ, ಕಾಲಮಿತಿ ಮುಗಿಯಿತು ಎಂದು ಕಂಪನಿ ವಾದಿಸಿತ್ತು. ರೋಗ ಕಾಣಿಸಿಕೊಳ್ಳುವ ಮೊದಲೇ ಹಕ್ಕು ಸತ್ತುಹೋಗಿತ್ತು! ಇಂಥ ಅಸಾಧಾರಣ ಪ್ರಕರಣದಲ್ಲಿ ಕಾಲಮಿತಿಯನ್ನು ಬದಿಗಿಡಬಹುದು ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2000ದಲ್ಲಿ ಹೇಳಬೇಕಾಯಿತು. ಅದೇ ವರ್ಷ ಮಾಲೀಕರು, ಕಾರ್ಮಿಕ ಸಂಘಟನೆಗಳು, ವಿಮಾ ಕಂಪನಿಗಳು ಮತ್ತು ಸರ್ಕಾರ ಸೇರಿ ಕಲ್ನಾರು ಸಂತ್ರಸ್ತರಿಗಾಗಿ ಪ್ರತ್ಯೇಕ ಸಂಸ್ಥೆಯನ್ನೂ ತೆರೆದರು. ಕಂಪನಿಯೇ ಇಲ್ಲವಾಗಿದ್ದರೆ ಸರ್ಕಾರ ಹಣ ಕೊಡುತ್ತದೆ. ಆದರೆ ಇದೆಲ್ಲ ನಡೆಯುವುದು ಯಾರು, ಎಲ್ಲಿ, ಯಾವಾಗ ದುಡಿದರು ಎಂದು ತೋರಿಸಲು ಸಾಧ್ಯವಾದರೆ ಮಾತ್ರ.

ನಮ್ಮ ಸುಪ್ರೀಂ ಕೋರ್ಟಿಗೆ ಈ ಮರ್ಮ ಮೊದಲೇ ತಿಳಿದಿತ್ತು. 1995ರ ಜನವರಿಯ ತೀರ್ಪಿನಲ್ಲಿ ಅದು ಕಲ್ನಾರು ಕಾರ್ಮಿಕರ ಆರೋಗ್ಯವನ್ನು ಬದುಕುವ ಹಕ್ಕಿನ ಭಾಗವೆಂದು ಸಾರಿತು. ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಆದೇಶಿಸಿತು. ‘ನಮ್ಮಲ್ಲಿ ಇಂಥ ರೋಗಿಗಳು ಸಿಗುವುದೇ ಅಪರೂಪ, ಸುಮ್ಮನೆ ಭಯ ಬಿತ್ತುತ್ತೀರಿ’ ಎನ್ನುವವರಿಗೆ ಉತ್ತರ ಈ ಆದೇಶದಲ್ಲೇ ಇದೆ. ಇಂದು ಒಬ್ಬ ಗುತ್ತಿಗೆದಾರನ ಕೈಕೆಳಗೆ, ನಾಳೆ ಇನ್ನೊಬ್ಬನ ಕೈಕೆಳಗೆ ದುಡಿಯುವವನ ಹಾಜರಿ ಪುಸ್ತಕವನ್ನು 40 ವರ್ಷ ಯಾರು ಇಟ್ಟಾರು? ಅವನ ಕೆಮ್ಮು ಕ್ಷಯದ ಲೆಕ್ಕಕ್ಕೋ ಬೀಡಿಯ ಲೆಕ್ಕಕ್ಕೋ ಹೋಗುತ್ತದೆ. ಹುಡುಕದೆ ಇದ್ದಾಗ ಸಿಗದೆ ಇರುವುದನ್ನು ರೋಗವಿಲ್ಲ ಎಂಬುದಕ್ಕೆ ಪುರಾವೆಯಾಗಿ ಎತ್ತಿಹಿಡಿಯುವುದು ನ್ಯಾಯವಲ್ಲ.

ಎರಡನೆಯ ಆಕ್ಷೇಪ, ಈಗ ಬಳಸುವುದು ಬಿಳಿ ಕಲ್ನಾರು, ಸಿಮೆಂಟಿನಲ್ಲಿ ಬೆರೆತ ಮೇಲೆ ಅದು ನಿರಪಾಯ ಎಂಬುದು. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್ ತರುತ್ತವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸ್ಪಷ್ಟ ನಿಲುವು. ಶೀಟು ಸುಮ್ಮನೆ ಮಾಡಿನ ಮೇಲಿದ್ದಾಗ ಅಪಾಯ ಕಡಿಮೆ ನಿಜ. ಆದರೆ ಚೀಲ ಬಿಚ್ಚಿ ಸುರಿಯುವಾಗ, ಶೀಟನ್ನು ಕೊಯ್ಯುವಾಗ, ಒಡೆಯುವಾಗ ಎಳೆ ಗಾಳಿಗೇರುತ್ತದೆ, ಆ ಗಾಳಿ ಕಾರ್ಮಿಕನದು. ನಮ್ಮ ಕೇಂದ್ರ ಸರ್ಕಾರವೇ ಹೊಸ ಕಲ್ನಾರು ಗಣಿ ಗುತ್ತಿಗೆಗಳನ್ನು 1986ರಲ್ಲಿ ನಿಲ್ಲಿಸಿತು. ನೆಲದಿಂದ ಅಗೆದರೆ ಅಪಾಯ, ರಷ್ಯಾದಿಂದ ತರಿಸಿದರೆ ಅಲ್ಲ ಎಂಬುದು ಯಾವ ತರ್ಕ? ಡಚ್ ನಗರದ ಹೆಸರು ಹೊತ್ತ ರೋಟರ್‌ಡ್ಯಾಮ್ ಒಪ್ಪಂದದ ಪಟ್ಟಿಗೆ ಬಿಳಿ ಕಲ್ನಾರನ್ನು ಸೇರಿಸಲು 2011ರಲ್ಲಿ ಒಪ್ಪಿದ್ದ ಭಾರತ 2013ರಲ್ಲಿ ಮತ್ತೆ ತಿರುಗಿಬಿತ್ತು. ಆ ಪಟ್ಟಿ ನಿಷೇಧವೂ ಅಲ್ಲ, ಕೊಳ್ಳುವ ದೇಶಕ್ಕೆ ಅಪಾಯವನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕೆಂಬ ಕಟ್ಟಳೆ ಅಷ್ಟೆ.

ಬಡವರ ಸೂರಿನ ಮಾತು ಮಾತ್ರ ತಳ್ಳಿಹಾಕುವಂಥದ್ದಲ್ಲ. ತಗಡು ಬಿಸಿಲಿಗೆ ಕಾಯುತ್ತದೆ, ಹಂಚಿಗೆ ಮರಮುಟ್ಟು ಬೇಕು, ಕಲ್ನಾರಿಲ್ಲದ ಸಿಮೆಂಟ್ ಶೀಟು ದುಬಾರಿ. ಆ ಬೆಲೆಯ ವ್ಯತ್ಯಾಸವನ್ನು ವಸತಿ ಯೋಜನೆಗಳ ಮೂಲಕ ಸರ್ಕಾರ ತುಂಬಿಕೊಡಬಹುದು. ಶೀಟು ತಯಾರಿಸುವವನ ಶ್ವಾಸಕೋಶದಿಂದ ಕಳೆದು ತುಂಬುವುದು ಬೇಡ. ನಿಷೇಧ ದಿಲ್ಲಿಯ ಕೈಯಲ್ಲಿದೆ, ಅದಕ್ಕೆ ಇನ್ನೆಷ್ಟು ವರ್ಷವೋ. ದಾಖಲೆ ಇಡುವುದಕ್ಕೆ ಅಷ್ಟು ಕಾಯಬೇಕಿಲ್ಲ. ಕಲ್ನಾರು ಮುಟ್ಟುವ ಪ್ರತಿ ಕಾರ್ಮಿಕನ, ಗುತ್ತಿಗೆಯವನದೂ ಸೇರಿ, ಹೆಸರು ಮತ್ತು ತಪಾಸಣೆಯ ವಿವರವನ್ನು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ ತನ್ನಲ್ಲೇ ಇಟ್ಟುಕೊಳ್ಳಲಿ, ಅದರ ಪ್ರತಿ ಕಾರ್ಮಿಕನ ಕೈಗೂ ಸಿಗಲಿ. ಇಎಸ್‌ಐ ಆಸ್ಪತ್ರೆಗಳಲ್ಲೂ, 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆಸುತ್ತಿರುವ ಕಿದ್ವಾಯಿಯಲ್ಲೂ ರೋಗಿಯನ್ನು ‘ಮೂವತ್ತು ವರ್ಷದ ಹಿಂದೆ ಏನು ಕೆಲಸ ಮಾಡುತ್ತಿದ್ದೆ?’ ಎಂದು ಕೇಳಿ ಬರೆದುಕೊಳ್ಳುವುದು ಕಡ್ಡಾಯವಾಗಲಿ. 1995ರಲ್ಲಿ ಕೆಲಸಕ್ಕೆ ಸೇರಿದವನ ದಾಖಲೆಯನ್ನು ಆ ತೀರ್ಪಿನ ಪ್ರಕಾರ ಕನಿಷ್ಠ 2035ರವರೆಗೆ ಇಟ್ಟಿರಬೇಕು. ಅದು ಎಲ್ಲಿದೆ ಎಂದು ಸರ್ಕಾರ ಇಂದೇ ಕೇಳಲಿ.